ಹಾಲು ಬಿಡಿಸುವ ಹಂದಿಮರಿಗಳ ಬಗ್ಗೆ ಸೂಚನೆ

ಸದಸ್ಯರ ಗಮನಕ್ಕೆ: 21ರಿಂದ 28ನೇ ದಿನದೊಳಗೆ ತಾಯಿಯಿಂದ ಬೇರ್ಪಟ್ಟ ಮರಿ ಮೊದಲ ಒಂದೆರಡು ದಿನ ಸರಿಯಾಗಿ ತಿನ್ನುವುದಿಲ್ಲ. ಕರುಳಿನ ಒಳಪದರ ಸವೆದು ಆಕ್ಸಿಡೇಟಿವ್ ಒತ್ತಡ (ಜೀವಕೋಶಗಳನ್ನು ಹಾಳುಮಾಡುವ ಅಣುಗಳ ಹೆಚ್ಚಳ) ಏರುತ್ತದೆ. ಅದೇ ಹೊತ್ತಿಗೆ, ಈ ಹಾನಿಯನ್ನು ತಡೆಯುವ ವಿಟಮಿನ್ ಇ ರಕ್ತದಲ್ಲಿ ಇಳಿಯುತ್ತದೆ. ಭೇದಿಗೆ ದಾರಿಯಾಗುವುದು ಇಲ್ಲೇ.

ಕಮಟು ವಾಸನೆಯ ಎಣ್ಣೆ, ಹಳೇ ತೌಡು ಬೆರೆಸಲೇಬೇಡಿ. ಆಹಾರದಲ್ಲಿರುವ ವಿಟಮಿನ್ ಇಯನ್ನೂ ಅದು ಕೆಡಿಸುತ್ತದೆ. ವಿಟಮಿನ್ ಇ ಜೊತೆ ಕೆಲಸ ಮಾಡುವ ಖನಿಜ ಸೆಲೆನಿಯಂ ಕಿಲೋ ಆಹಾರಕ್ಕೆ 0.3 ಮಿಲಿಗ್ರಾಂ ಸಾಕು. ಪ್ರೀಮಿಕ್ಸ್‌ನಲ್ಲಿ (ಆಹಾರಕ್ಕೆ ಬೆರೆಸುವ ವಿಟಮಿನ್-ಖನಿಜದ ಸಿದ್ಧ ಮಿಶ್ರಣ) ಇದ್ದರೆ ಮತ್ತೆ ಹಾಕಬೇಡಿ, ಮಿತಿ ಮೀರಿದರೆ ವಿಷ: ಕೂದಲು ಉದುರುತ್ತದೆ, ಗೊರಸು ಸೀಳುತ್ತದೆ.

ಮಲಗುವ ಜಾಗ 28–30 ಡಿಗ್ರಿ ಇರಲಿ. ಸಂಜೆ ಒಂದೊಂದೇ ಮರಿಯ ಹೊಟ್ಟೆ ಮುಟ್ಟಿ ನೋಡಿ. ಪಕ್ಕೆ ಒಳಗೆ ಹೋಗಿದ್ದರೆ ಅದು ತಿಂದಿಲ್ಲ. ಅಂಥದಕ್ಕೆ ಆಹಾರವನ್ನು ಬೆಚ್ಚನೆ ನೀರಲ್ಲಿ ಗಂಜಿಯಂತೆ ಕಲಸಿ, ಸ್ವಲ್ಪ ಸ್ವಲ್ಪವೇ, ದಿನಕ್ಕೆ 5–6 ಸಲ ಕೊಡಿ. ದಷ್ಟಪುಷ್ಟ ಮರಿ ದಿಢೀರನೆ ಸತ್ತರೆ ವಿಟಮಿನ್ ಇ, ಸೆಲೆನಿಯಂ ಕೊರತೆಯಿಂದ ಹೃದಯ ಕೆಟ್ಟಿರಬಹುದು; ಹೂಳುವ ಮೊದಲು ಪಶುವೈದ್ಯರಿಂದ ಹೃದಯ ಪರೀಕ್ಷೆ ಮಾಡಿಸಿ.