ಜೋಳದ ಹಿಟ್ಟಿಗೂ ದಿನಾಂಕವಿರಲಿ

ಮಾನ್ಯ ಸಂಪಾದಕರೇ,

ದುಡಿಯಲು ಹೋಗುವ ಹೆಣ್ಣುಮಕ್ಕಳು ಅಂಗಡಿಯಿಂದ ಕಡಕ್ ರೊಟ್ಟಿ, ಶೇಂಗಾ ಹಿಂಡಿ (ಚಟ್ನಿಪುಡಿ) ತರುವುದನ್ನು ಸೋಮಾರಿತನವೆಂದು ಹಳಿಯುವುದು ಅನ್ಯಾಯ. ಚೆನ್ನಾಗಿ ಒಣಗಿಸಿದ ಕಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಅದನ್ನು ಬಡಿದು ಮಾರುವ ನಮ್ಮೂರ ಮಹಿಳೆಯರಿಗೂ ಅದು ಆದಾಯ. 2019ರಲ್ಲಿ ಭೌಗೋಳಿಕ ಸೂಚಕ (ಪ್ರದೇಶದ ವಿಶೇಷ ಉತ್ಪನ್ನಕ್ಕೆ ಸಿಗುವ ಜಿಐ ಮಾನ್ಯತೆ) ಪಡೆದ ಕಲಬುರಗಿ ತೊಗರಿಯನ್ನು ಕೂಡ ನಾವು ಬಹುತೇಕರು ದಾಲ್‌ಮಿಲ್ಲಿನ ಬೇಳೆಯಾಗಿಯೇ ಕೊಳ್ಳುತ್ತೇವಲ್ಲವೇ?

ಆದರೆ ಜೋಳದ ಹಿಟ್ಟಿನ ಮಾತು ಬೇರೆ. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಟಿನ ಪ್ರೋಟೀನ್ ಜೋಳದಲ್ಲಿಲ್ಲದ ಕಾರಣ ಬಿಸಿನೀರು ಹಾಕಿ ನಾದಿದಾಗ ಬರುವ ಜಿಗುಟೇ ರೊಟ್ಟಿಗೆ ಆಧಾರ. ಹಿಟ್ಟು ಹಳತಾದಂತೆ ಆ ಜಿಗುಟು ಕುಗ್ಗಿ, ಬಡಿಯುವಾಗಲೇ ಅಂಚು ಬಿರಿಯುತ್ತದೆ, ರುಚಿಯೂ ಕಹಿಯಾಗುತ್ತದೆ. ಆದ್ದರಿಂದ ಮೆತ್ತನೆಯ ರೊಟ್ಟಿ ಮಾಡುವವರು ಜೋಳವನ್ನೇ ಕೊಂಡು, ವಾರಕ್ಕೆ ಬೇಕಾದಷ್ಟನ್ನು ಗಿರಣಿಯಲ್ಲಿ ಬೀಸಿಸುವುದು ಮೇಲು. ಬಿಡಿ ಹಿಟ್ಟು ಮಾರುವ ವರ್ತಕರು ಬೀಸಿದ ದಿನಾಂಕವನ್ನು ಗ್ರಾಹಕರಿಗೆ ಕಾಣುವಂತೆ ಬರೆದಿಡಬೇಕೆಂದು ವಿನಂತಿಸುತ್ತೇನೆ.

– ಓದುಗರೊಬ್ಬರು, ಕಲಬುರಗಿ