ಟೋಕಿಯೊದಲ್ಲಿ ಮನೆ: ಬಾಡಿಗೆಗಿಂತ ಮೊದಲು ಕೀ ಪಡೆಯುವ ದಿನದ ಲೆಕ್ಕ ಹಾಕಿ

ಮಾನ್ಯರೇ,

ಬೆಂಗಳೂರಿನಿಂದ ಟೋಕಿಯೊಗೆ ಕೆಲಸಕ್ಕೆ ಹೊರಡುವ ಎಂಜಿನಿಯರುಗಳು ಮೊದಲು ಕೇಳುವುದು 'ಅಲ್ಲಿ ಬಾಡಿಗೆ ಎಷ್ಟು?' ಎಂದು. ಕೀ ಕೈಗೆ ಬರುವ ದಿನ ಒಟ್ಟು ಎಷ್ಟು ಕಟ್ಟಬೇಕು, ಅದರಲ್ಲಿ ವಾಪಸ್ ಬರುವುದೆಷ್ಟು, ಕಟ್ಟುವವರು ನಾವೋ ಕಂಪನಿಯೋ ಎಂಬುದನ್ನು ಕೇಳುವವರು ಕಡಿಮೆ. ವಿಮಾನದ ಟಿಕೆಟ್ ಬುಕ್ ಆದ ಮೇಲೆ ಈ ಪ್ರಶ್ನೆ ಎತ್ತಿದರೆ ತಡವಾಗಿರುತ್ತದೆ. ಹೊರಡುವವರಿಗೂ ಅವರನ್ನು ಕಳಿಸುವ ಕಂಪನಿಗಳಿಗೂ ಉಪಯೋಗವಾಗಲೆಂದು ಈ ಪತ್ರ.

ಭಾರತೀಯರು ಹೆಚ್ಚಾಗಿ ನೆಲೆಸಿರುವುದು ಎದೊಗಾವಾ ವಾರ್ಡಿನ ನಿಶಿ-ಕಸಾಯಿ ಸುತ್ತಮುತ್ತ. 2000ರ ಹೊತ್ತಿಗೆ ಕಂಪ್ಯೂಟರ್ ಕೆಲಸಕ್ಕೆಂದು ಬಂದವರು ಇಲ್ಲಿ ನೆಲೆಯೂರಲು ಮುಖ್ಯ ಕಾರಣ ತೊಜಾಯಿ ಮೆಟ್ರೊ. ಬ್ಯಾಂಕು, ಹಣಕಾಸು ಕಚೇರಿಗಳಿರುವ ನಿಹೊನ್‌ಬಾಶಿ, ಒತೆಮಾಚಿಗೆ ಕಾಲು ಗಂಟೆಯ ದಾರಿ, ನಡುವೆ ರೈಲು ಬದಲಿಸಬೇಕಿಲ್ಲ. ಈಗ ತೊಗರಿಬೇಳೆ, ಇಂಗು, ಭಾರತೀಯ ಪಠ್ಯಕ್ರಮದ ಶಾಲೆ ಎಲ್ಲವೂ ಅಲ್ಲಿಯೇ ಸಿಗುತ್ತವೆ.

ಈಗ ಲೆಕ್ಕ. ತಿಂಗಳಿಗೆ 1,20,000 ಯೆನ್ ಬಾಡಿಗೆ, 8,000 ಯೆನ್ ನಿರ್ವಹಣಾ ಶುಲ್ಕ ಇರುವ ಮನೆ ಎಂದಿಟ್ಟುಕೊಳ್ಳೋಣ. 'ಶಿಕಿಕಿನ್' ಎಂಬ ಠೇವಣಿ ಒಂದು ತಿಂಗಳದ್ದು, 1,20,000. 'ರೇಕಿನ್' ಎಂಬ, ಮಾಲೀಕರಿಗೆ ಕೊಡುವ ಕಾಣಿಕೆ ಇನ್ನೊಂದು 1,20,000. ಏಜೆಂಟರ ಕಮಿಷನ್ ಒಂದು ತಿಂಗಳ ಬಾಡಿಗೆ, ಮೇಲೆ ಶೇ 10 ತೆರಿಗೆ, ಅಂದರೆ 1,32,000. ಬಾಡಿಗೆ ತಪ್ಪಿದರೆ ಮಾಲೀಕರಿಗೆ ಹೊಣೆಯಾಗುವ ಗ್ಯಾರಂಟಿ ಕಂಪನಿಗೆ ತಿಂಗಳ ಮೊತ್ತದ ಅರ್ಧ, 64,000. ಮೊದಲ ತಿಂಗಳ ಮುಂಗಡ ಬಾಡಿಗೆ, ನಿರ್ವಹಣಾ ಶುಲ್ಕ ಸೇರಿ, 1,28,000. ಬೆಂಕಿ ವಿಮೆ 20,000, ಬೀಗ ಬದಲಿಸಲು 22,000. ಕೂಡಿದರೆ 6,06,000 ಯೆನ್, ಅಂದರೆ ಐದು ತಿಂಗಳ ಬಾಡಿಗೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಬಂದವರಿಗೆ ಇದೇನು ಮಹಾ ಎನಿಸಬಹುದು. ಆದರೆ ನಮ್ಮಲ್ಲಿ ಅಡ್ವಾನ್ಸ್ ಪೇಂಟಿಂಗ್ ಖರ್ಚು ಕಳೆದು ವಾಪಸ್ ಬರುತ್ತದೆ. ಇಲ್ಲಿ ಬರುವುದು ಆ ಮೊದಲ 1,20,000 ಮಾತ್ರ, ಅದರಲ್ಲೂ ಕ್ಲೀನಿಂಗ್ ಖರ್ಚು ಮುರಿದುಕೊಂಡು. ಎರಡು ವರ್ಷಕ್ಕೊಮ್ಮೆ ಕರಾರು ನವೀಕರಿಸುವಾಗ ಸಾಮಾನ್ಯವಾಗಿ ಮತ್ತೊಂದು ತಿಂಗಳ ಬಾಡಿಗೆ ಹೋಗುತ್ತದೆ.

ಕಮಿಷನ್ ವಿಷಯ ಹಲವರಿಗೆ ಗೊತ್ತಿಲ್ಲ. ಮಾಲೀಕರು, ಬಾಡಿಗೆದಾರರು ಎರಡೂ ಕಡೆಯಿಂದ ಸೇರಿ ಏಜೆಂಟರು ಪಡೆಯಬಹುದಾದದ್ದು ಸಾಮಾನ್ಯವಾಗಿ ಒಂದು ತಿಂಗಳ ಬಾಡಿಗೆ ಮತ್ತು ತೆರಿಗೆ. ವಾಸದ ಮನೆಗೆ ಒಂದು ಕಡೆಯಿಂದ ತೆಗೆದುಕೊಳ್ಳಬಹುದಾದದ್ದು ಅರ್ಧ ತಿಂಗಳಷ್ಟೇ. ಪೂರ್ತಿ ಬೇಕೆಂದರೆ ಮನೆ ಹುಡುಕಲು ಒಪ್ಪಿಕೊಳ್ಳುವಾಗಲೇ ನಿಮ್ಮ ಸಮ್ಮತಿ ಪಡೆದಿರಬೇಕು. ಆದ್ದರಿಂದ 'ಅರ್ಧ ತಿಂಗಳೋ, ಪೂರ್ತಿಯೋ?' ಎಂದು ಮೊದಲ ಭೇಟಿಯಲ್ಲೇ ಕೇಳಿ. ಅರ್ಜಿ ತುಂಬಿದ ಮೇಲೆ ಚೌಕಾಸಿ ನಡೆಯುವುದಿಲ್ಲ.

ಈ ಹೊರೆಯ ಬಹುಪಾಲು ತಪ್ಪುವ ದಾರಿ 'ಯುಆರ್'. ಇದು ಸರ್ಕಾರಿ ಅಧೀನದ ವಸತಿ ಸಂಸ್ಥೆ. ನಿಶಿ-ಕಸಾಯಿಯ ಕೊಜಿಮಾಚೊ ವಸತಿ ಸಮುಚ್ಚಯ ಇದರದ್ದೇ, ಅಲ್ಲಿ ಭಾರತೀಯ ಕುಟುಂಬಗಳು ಬಹಳ. ರೇಕಿನ್ ಇಲ್ಲ, ಕಮಿಷನ್ ಇಲ್ಲ, ನವೀಕರಣ ಶುಲ್ಕ ಇಲ್ಲ, ಜಾಮೀನುದಾರರೂ ಬೇಕಿಲ್ಲ. ಎರಡು ತಿಂಗಳ ಠೇವಣಿ, ಆ ತಿಂಗಳಲ್ಲಿ ಉಳಿದ ದಿನಗಳ ಬಾಡಿಗೆ, ಅಷ್ಟೇ. ಮೇಲಿನ ಮನೆಯೇ ಇಲ್ಲಿ ಸಿಕ್ಕಿದ್ದರೆ, ಇಡೀ ತಿಂಗಳ ಬಾಡಿಗೆ ಹಿಡಿದರೂ 3,68,000 ಯೆನ್ನಿಗೆ ಮುಗಿಯುತ್ತಿತ್ತು, ಅದರಲ್ಲಿ 2,40,000 ಠೇವಣಿ. ಷರತ್ತು ಆದಾಯದ್ದು: ಬಾಡಿಗೆ 82,500 ಯೆನ್ನಿಗಿಂತ ಕಡಿಮೆಯಿದ್ದರೆ ಕುಟುಂಬ ಸಮೇತ ಇರಲು ಅರ್ಜಿದಾರರ ತಿಂಗಳ ವರಮಾನ ಅದರ ನಾಲ್ಕು ಪಟ್ಟು ಇರಬೇಕು, ಅಲ್ಲಿಂದ 2 ಲಕ್ಷದೊಳಗಿನ ಬಾಡಿಗೆಗೆ 3,30,000 ಇದ್ದರೆ ಸಾಕು. ಅಷ್ಟಿಲ್ಲದವರು ಬಾಡಿಗೆಯ ನೂರು ಪಟ್ಟು ಉಳಿತಾಯ ತೋರಿಸಬಹುದು, ಅಥವಾ ವರ್ಷದ ಬಾಡಿಗೆ ಒಮ್ಮೆಲೇ ಕಟ್ಟಬಹುದು. ಕೊರತೆ ಏನೆಂದರೆ ಕಟ್ಟಡಗಳು ಹಳೆಯವು, ಸ್ಟೇಷನ್ ಪಕ್ಕದ ಮನೆಗಳು ಖಾಲಿಯಾಗುವುದೇ ಅಪರೂಪ.

ಖಾಸಗಿ ಮಾಲೀಕರ ವಿಷಯ ಬೇರೆ. ಜಪಾನ್ ನ್ಯಾಯ ಸಚಿವಾಲಯವೇ ನಡೆಸಿ 2017ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಹಿಂದಿನ ಐದು ವರ್ಷಗಳಲ್ಲಿ ಮನೆ ಹುಡುಕಿದ ವಿದೇಶಿಯರ ಪೈಕಿ ಶೇ 39.3 ಮಂದಿ 'ವಿದೇಶಿಯರಿಗೆ ಕೊಡುವುದಿಲ್ಲ' ಎನಿಸಿಕೊಂಡಿದ್ದರು. ಜಪಾನಿ ಜಾಮೀನುದಾರರಿಲ್ಲವೆಂದು ಮನೆ ತಪ್ಪಿದವರು ಶೇ 41.2. ಇದು ತಾರತಮ್ಯವೇ, ಬೇರೆ ಹೆಸರು ಬೇಡ. ಆದರೆ ಮಾಲೀಕರ ಹಿಂಜರಿಕೆಯಲ್ಲಿ ಒಂದು ಭಾಗ ಬಹಳ ಸರಳ: ಪೈಪ್ ಒಡೆದು ಕೆಳಮನೆಗೆ ನೀರು ಸೋರಿದರೆ ಫೋನ್ ಎತ್ತಿ ಜಪಾನಿ ಭಾಷೆಯಲ್ಲಿ ಮಾತಾಡುವವರು ಯಾರು? ಅದಕ್ಕೇ ಗ್ಯಾರಂಟಿ ಕಂಪನಿ ಇದ್ದರೂ ಜಪಾನಿನಲ್ಲೇ ಇರುವ ತುರ್ತು ಸಂಪರ್ಕದ ವ್ಯಕ್ತಿಯೊಬ್ಬರ ಹೆಸರು ಕೇಳುತ್ತಾರೆ. ಈ ಹೆಸರು ಜಾಮೀನಲ್ಲ, ಹಣದ ಹೊಣೆ ಇಲ್ಲ. ಸಹೋದ್ಯೋಗಿಗಳನ್ನು ಕೇಳುವಾಗ ಇದನ್ನು ಬಿಡಿಸಿ ಹೇಳಿದರೆ ಒಪ್ಪುತ್ತಾರೆ.

ಅರ್ಜಿಗೆ ಬೇಕಾದದ್ದು ರೆಸಿಡೆನ್ಸ್ ಕಾರ್ಡ್, ಪಾಸ್‌ಪೋರ್ಟ್, ಉದ್ಯೋಗ ಪ್ರಮಾಣಪತ್ರ, ಸಂಬಳದ ವಿವರ, ಜಪಾನಿನ ಫೋನ್ ನಂಬರ್. ಪರಿಶೀಲನೆಗೆ ಮೂರರಿಂದ ಏಳು ದಿನ. ಸಿಕ್ಕು ಇರುವುದು ಇಲ್ಲೇ: ಫೋನಿಗೆ ಬ್ಯಾಂಕ್ ಖಾತೆ ಕೇಳುತ್ತಾರೆ, ಖಾತೆಗೆ ವಿಳಾಸ ಬೇಕು, ವಿಳಾಸಕ್ಕೆ ಮನೆ ಬೇಕು, ಮನೆಗೆ ಫೋನ್ ಬೇಕು. ಈ ಸುತ್ತನ್ನು ಮುರಿಯಲು ಮೊದಲ ತಿಂಗಳು ಸಾಮಾನು ಸಹಿತದ 'ಮಂತ್ಲಿ ಮ್ಯಾನ್ಶನ್' ಹಿಡಿಯುವುದು ಒಳ್ಳೆಯದು. ಹೆಸರಿಗೆ ಮ್ಯಾನ್ಶನ್, ಇರುವುದು ಒಂದು ಕೋಣೆ. ಅಲ್ಲಿನ ವಿಳಾಸವನ್ನು ವಾರ್ಡ್ ಕಚೇರಿಯಲ್ಲಿ ನೋಂದಾಯಿಸಲು ಬಿಡುತ್ತಾರೆಯೇ ಎಂದು ಬುಕ್ ಮಾಡುವ ಮೊದಲೇ ಲಿಖಿತವಾಗಿ ಕೇಳಿ. ವಾಸಸ್ಥಳ ಗೊತ್ತಾದ 14 ದಿನಗಳೊಳಗೆ ನೋಂದಣಿ ಕಡ್ಡಾಯ.

ಜಾಹೀರಾತಿನಲ್ಲಿ 'ಸ್ಟೇಷನ್ನಿಂದ 10 ನಿಮಿಷ' ಎಂದಿದ್ದರೆ 80 ಮೀಟರಿಗೆ ಒಂದು ನಿಮಿಷದ ಲೆಕ್ಕ. ಅಂದರೆ ಹೆಚ್ಚೆಂದರೆ 800 ಮೀಟರ್. ಸಿಗ್ನಲ್‌ನಲ್ಲಿ ನಿಲ್ಲುವುದು, ಲಿಫ್ಟಿಗೆ ಕಾಯುವುದು ಇದರಲ್ಲಿ ಸೇರಿಲ್ಲ. ರೈಲಿನ ಗುಣವನ್ನೂ ತಿಳಿಯಬೇಕು. ತೊಜಾಯಿಯ ಕ್ಷಿಪ್ರ ರೈಲುಗಳು ತೊಯೊಚೊ ಬಿಟ್ಟರೆ ಉರಾಯಾಸುವಿನಲ್ಲೇ ನಿಲ್ಲುವುದು. ನಿಶಿ-ಕಸಾಯಿ, ಕಸಾಯಿ ಎರಡನ್ನೂ ಹಾರಿಸಿಬಿಡುತ್ತವೆ. ಕೊರೊನಾಗೆ ಮುಂಚೆ ಕಿಬಾ ಮತ್ತು ಮೊನ್‌ಜೆನ್-ನಾಕಾಚೊ ನಡುವೆ ಬೆಳಗಿನ ದಟ್ಟಣೆ ರೈಲಿನ ಸಾಮರ್ಥ್ಯದ ಶೇ 199 ಮುಟ್ಟಿತ್ತು. ಹಾಗಾಗಿ ನದಿಯಾಚೆಗಿನ ಉರಾಯಾಸು, ಗ್ಯೊಟೊಕು, ಮ್ಯೊದೆನ್ ಕಡೆ ನೋಡುವುದೇ ಜಾಣತನ ಎಂಬುದು ನನ್ನ ಅಭಿಪ್ರಾಯ. ಬಾಡಿಗೆ ಕಡಿಮೆ, ಮ್ಯೊದೆನ್‌ನಿಂದಲೇ ಹೊರಡುವ ಕೆಲವು ರೈಲುಗಳಲ್ಲಿ ಕೂರಲು ಸೀಟು ಸಿಗುತ್ತದೆ. ಜಪಾನಿನ ಕಂಪನಿಗಳು ಸಾಮಾನ್ಯವಾಗಿ ಪ್ರಯಾಣದ ಪಾಸಿನ ಹಣ ಕೊಡುತ್ತವೆ, ತಿಂಗಳಿಗೆ 1,50,000 ಯೆನ್‌ವರೆಗೆ ಅದಕ್ಕೆ ಆದಾಯ ತೆರಿಗೆ ಇಲ್ಲ. ದೂರ ಹೋದರೂ ಜೇಬಿಗೆ ಹೊರೆ ಬೀಳದು. ಅಂದಹಾಗೆ, ಮಿನಾಮಿ-ಸುನಾಮಾಚಿ ದಾಟಿದ ಮೇಲೆ ಈ 'ಸುರಂಗ ರೈಲು' ಮೇಲ್ಸೇತುವೆಯ ಮೇಲೆ ಓಡುತ್ತದೆ. ಹಳಿಗೆ ಮುಖ ಮಾಡಿದ ಕೋಣೆ ನೋಡುವಾಗ ಕಿಟಕಿ ತೆರೆದು ಎರಡು ರೈಲು ಹಾದುಹೋಗುವವರೆಗೆ ನಿಲ್ಲಿ.

ಎದೊಗಾವಾ ವಾರ್ಡಿನ ನೆಲದ ಸುಮಾರು ಶೇ 70 ಭಾಗ ಉಬ್ಬರದ ಸಮುದ್ರಮಟ್ಟಕ್ಕಿಂತ ಕೆಳಗಿದೆ. 2020ರ ಆಗಸ್ಟ್‌ನಿಂದ ಕರಾರಿಗೆ ಮೊದಲು ಪ್ರವಾಹ ನಕ್ಷೆಯಲ್ಲಿ ಮನೆ ಎಲ್ಲಿದೆ ಎಂದು ಏಜೆಂಟರು ತೋರಿಸಲೇಬೇಕು. ಮೂರನೇ ಮಹಡಿಗಿಂತ ಕೆಳಗೆ ಬೇಡ. ಭೂಕಂಪ ತಾಳುವ ಹೊಸ ಕಟ್ಟಡ ನಿಯಮ ಜಾರಿಯಾದ 1981ರ ಜೂನ್ 1ರಿಂದ ಈಚೆಗೆ ನಿರ್ಮಾಣ ಅನುಮತಿ ಪಡೆದ ಕಟ್ಟಡವೇ ಎಂದು ಕೇಳಿ. ಯಾರು ಯಾರು ವಾಸಿಸುತ್ತಾರೆ ಎಂಬುದು ಕರಾರಿನಲ್ಲಿ ಬರೆದಿರುತ್ತದೆ. ಒಬ್ಬರಿಗೆಂದು ಹಿಡಿದ ಮನೆಗೆ ಆಮೇಲೆ ಹೆಂಡತಿ, ಮಕ್ಕಳನ್ನು ಕರೆಸಿದರೆ ಕರಾರು ಮುರಿದಂತೆ. ಅಪ್ಪ-ಅಮ್ಮ ಮೂರು ತಿಂಗಳಿಗೆ ಬಂದರೂ ನಿರ್ವಹಣಾ ಕಂಪನಿಗೆ ಮೊದಲೇ ತಿಳಿಸಿಬಿಡಿ.

ಮನೆ ಬಿಡುವಾಗ ಜಗಳ ಬರುವುದು ಒಗ್ಗರಣೆಯಿಂದ. ಬಿಸಿಲಿಗೆ ಮಾಸಿದ ಗೋಡೆ, ಸೋಫಾ ಇಟ್ಟು ಆದ ಗುಳಿ ಸಹಜ ಸವೆತ, ಅದು ಮಾಲೀಕರ ಖರ್ಚು. 2020ರ ಏಪ್ರಿಲ್‌ನಲ್ಲಿ ಜಾರಿಯಾದ ಸಿವಿಲ್ ಸಂಹಿತೆಯ ತಿದ್ದುಪಡಿಯಲ್ಲೇ ಇದು ಸೇರಿದೆ. ಆದರೆ ಒಲೆಯ ಹಿಂದಿನ ಎಣ್ಣೆ ಜಿಡ್ಡು, ವಾಲ್‌ಪೇಪರಿಗೆ ಹತ್ತಿದ ಅರಿಶಿನ, ಇಂಗಿನ ವಾಸನೆಯನ್ನು ಬಾಡಿಗೆದಾರರ ಅಲಕ್ಷ್ಯವೆಂದು ಹಿಡಿಯುತ್ತಾರೆ. ಎಣ್ಣೆ ಕಾಯಲು ಇಡುವ ಮುಂಚೆಯೇ ಫ್ಯಾನ್ ಹಾಕಿ, ಅದರ ಬಾಯಿಗೆ ನೂರು ಯೆನ್ ಅಂಗಡಿಯ ಫಿಲ್ಟರ್ ಹಾಳೆ ಅಂಟಿಸಿ ತಿಂಗಳಿಗೊಮ್ಮೆ ಬದಲಿಸಿ, ಗೋಡೆಗೆ ಅಲ್ಯೂಮಿನಿಯಂ ತಡಿಕೆ ನಿಲ್ಲಿಸಿ. ವಾಲ್‌ಪೇಪರಿನ ಆಯಸ್ಸು ಆರು ವರ್ಷ ಎಂದು ಸರ್ಕಾರಿ ಮಾರ್ಗಸೂಚಿ ಹೇಳುತ್ತದೆ. ಮೂರು ವರ್ಷ ಹಳೆಯ ಹಾಳೆಗೆ ಹೊಸದರ ಪೂರ್ತಿ ಬೆಲೆ ಕೇಳಿದರೆ ಅದನ್ನು ತೋರಿಸಿ. ಸಾಮಾನು ಒಳಗೆ ತರುವ ಮುಂಚೆಯೇ ದಿನಾಂಕ ಸಮೇತ ಫೋಟೊ ತೆಗೆದಿಟ್ಟುಕೊಂಡಿರಬೇಕು.

ಇನ್ನು ಕಂಪನಿಗಳಿಗೆ ಒಂದು ಕೋರಿಕೆ. ಮನೆಯ ಕರಾರು ಜಪಾನ್ ಶಾಖೆಯ ಹೆಸರಿನಲ್ಲಾದರೆ ಜಾಮೀನಿನ ತಲೆನೋವಿನ ಬಹುಪಾಲು ಅಲ್ಲೇ ಮುಗಿಯುತ್ತದೆ. ಅದು ಆಗದಿದ್ದರೆ ಆಫರ್ ಲೆಟರಿನಲ್ಲೇ ರೇಕಿನ್ ಮತ್ತು ಕಮಿಷನ್ ಯಾರದ್ದು, ಮೊದಲ ತಿಂಗಳ ವಾಸಕ್ಕೆ ಎಷ್ಟು ಕೊಡುತ್ತೀರಿ, ತುರ್ತು ಸಂಪರ್ಕಕ್ಕೆ ಶಾಖೆಯ ಯಾರ ಹೆಸರು, ವರ್ಷದೊಳಗೆ ವಾಪಸ್ ಕರೆಸಿದರೆ ಅವಧಿಗೆ ಮುಂಚೆ ಮನೆ ಬಿಟ್ಟ ದಂಡ ಯಾರು ಕಟ್ಟುತ್ತಾರೆ ಎಂಬ ನಾಲ್ಕು ಸಾಲು ಬರೆದುಕೊಡಿ.

— ತೊಜಾಯಿ ಮಾರ್ಗದ ಕನ್ನಡಿಗ, ಟೋಕಿಯೊ