ನವಣೆ ಬೆಳೆವ ಊರಲ್ಲಿ ನವಣೆ ದುಬಾರಿ

ಮಾನ್ಯರೇ,

ಕೊಪ್ಪಳದ ನಮ್ಮ ಬಡಾವಣೆಯ ಬಳಿ ಸಿರಿಧಾನ್ಯ ಹಾಗೂ ಸಾವಯವ ದಿನಸಿಯ ಮಳಿಗೆ ತೆರೆದಿದೆ. ಮೊದಲ ದಿನವೇ ಜನ ಸಾಲುಗಟ್ಟಿದರು. ನವಣೆ, ಸಾಮೆ, ಕೊರಲೆ, ಗುರೆಳ್ಳು, ಗಾಣದ ಕುಸುಬೆ ಎಣ್ಣೆ ಎಲ್ಲವೂ ಒಂದೇ ಕಡೆ ಸಿಗುವುದು ಕಂಡು ನನಗೂ ಸಂತೋಷವಾಯಿತು. ಸಕ್ಕರೆ ಕಾಯಿಲೆಯಿರುವ ತಾಯಿಗಾಗಿ ಇವನ್ನು ಹುಡುಕಿಕೊಂಡು ಹುಬ್ಬಳ್ಳಿಯವರೆಗೆ ಹೋದವಳು ನಾನು.

ನನ್ನ ಹಿಂದೆ ನಿಂತಿದ್ದ ಅಜ್ಜಿಯೊಬ್ಬರು ನವಣೆಯ ಪೊಟ್ಟಣವನ್ನು ತಿರುಗಿಸಿ ನೋಡಿದರು. 'ಇದನ್ನು ಹೊಲದಲ್ಲಿ ಬೆಳೆದು, ಒರಳಲ್ಲಿ ಕುಟ್ಟಿ ಉಣ್ಣುತ್ತಿದ್ದೆವಲ್ಲ ತಂಗಿ' ಎಂದು, ಬೆಲೆ ಕೇಳಿ, ಮರಳಿ ಇಟ್ಟುಬಿಟ್ಟರು. ಆ ಕೈ ಇನ್ನೂ ಕಣ್ಣ ಮುಂದಿದೆ.

ಪೊಟ್ಟಣದ ಮೇಲಿದ್ದದ್ದು ಹೊರರಾಜ್ಯದ ವಿಳಾಸ. ನಮ್ಮ ಯಲಬುರ್ಗಾ, ಕುಷ್ಟಗಿಯ ಮಳೆಯಾಶ್ರಿತ ಹೊಲಗಳಲ್ಲಿ ನವಣೆ ಬೆಳೆಯುವುದಿಲ್ಲವೇ? ರೈತಸಿರಿ ಯೋಜನೆಯಡಿ ಸಿರಿಧಾನ್ಯ ಬೆಳೆಗಾರರಿಗೆ ಹೆಕ್ಟೇರಿಗೆ 10,000 ರೂಪಾಯಿ ಪ್ರೋತ್ಸಾಹಧನ ಪ್ರಕಟಿಸಿದ ಸರ್ಕಾರ, ಈ ಕಾಳಿನ ಗಟ್ಟಿ ಹೊಟ್ಟು ತೆಗೆಯುವ ಯಂತ್ರವನ್ನೂ ಹೋಬಳಿಗೊಂದರಂತೆ ಒದಗಿಸಲಿ. ಮಳಿಗೆಯವರು ಸ್ಥಳೀಯ ರೈತರಿಂದಲೇ ನೇರವಾಗಿ ಕೊಂಡು, ಪೊಟ್ಟಣವಿಲ್ಲದೆ ಬಿಡಿಯಾಗಿ, ಕಾಲು ಕಿಲೋ ಕೇಳಿದರೂ ತೂಗಿ ಕೊಡಲಿ. ಮುಂದಿನ ವಾರ ಆ ಅಜ್ಜಿ ಮತ್ತೆ ಬಂದರೆ ಬರಿಗೈಲಿ ಹೋಗಬಾರದು.

– ಒಬ್ಬ ಗ್ರಾಹಕಿ, ಕೊಪ್ಪಳ